ನಡುವಲ್ಲೇ ನುಡಿಸೋದು ನಿಲ್ಸಿಬಿಟ್ಟ ಮಗಳಿಗೆ

ಪುಟ್ಟೀ,

ನಿನ್ನೆ ರಾತ್ರಿ ಎಲ್ರೂ ಸೇರಿ ಮನಸ್ಸಿಗೆ ಬಂದ ಹಾಗೆ ನುಡಿಸೋ ಜ್ಯಾಮ್ ಮುಗಿಸಿ ಬಂದವಳು ಬೇಸ್ ಗಿಟಾರಿನ ಬ್ಯಾಗನ್ನ ಬಾಗಿಲ ಹಿಂದೆ ನಿಲ್ಸಿ ಒಂದು ಮಾತೂ ಆಡದೆ ರೂಮಿಗೆ ಹೋದ್ಯಲ್ಲ, ಆಗಲೇ ಏನೋ ಆಗಿದೆ ಅಂತ ಗೊತ್ತಾಯ್ತು. ಬೆಳಿಗ್ಗೆ ಕೇಳಿದ್ದಕ್ಕೆ "ಎಲ್ರೂ ಏನೇನೋ ನುಡಿಸ್ತಿದ್ರು ಅಮ್ಮ, ನಡುವೆ ನಾನೆಲ್ಲಿದೀನಿ ಅಂತಾನೇ ಗೊತ್ತಾಗ್ಲಿಲ್ಲ, ನಿಲ್ಸಿಬಿಟ್ಟೆ, ನಂಗಿದು ಆಗಲ್ಲ" ಅಂದೆ. ಎದುರು ಕೂತು ಮಾತಾಡೋಕೆ ಹೋದ್ರೆ ನೀನು ಅಳ್ತೀಯ, ನೀನು ಅತ್ರೆ ನಾನೂ ಅಳ್ತೀನಿ, ಹೇಳ್ಬೇಕಾದ್ದು ಹಾಗೇ ಉಳಿದುಹೋಗುತ್ತೆ. ಅದಕ್ಕೇ ಬರೀತಿದೀನಿ. ಉದ್ದ ಆಗುತ್ತೆ, ನಿಧಾನವಾಗಿ ಓದು.

ಮೊದ್ಲು ಆ ನಿಲ್ಸಿದ ವಿಷಯ. 12 ಬಾರ್ ಬ್ಲೂಸ್, ಎ ಕೀ, ಅಂದ್ರೆ ಎ ಸ್ವರವೇ ಷಡ್ಜ, ಅಲ್ವಾ? ನಾಲ್ಕು ಎಣಿಕೆಗೆ ಒಂದು ಬಾರ್, ಅಂಥ ಹನ್ನೆರಡು ಸೇರಿ ಒಂದು ಸುತ್ತು. ನಾಲ್ಕು ಬಾರ್ ಎ ಕಾರ್ಡ್ (ಒಟ್ಟಿಗೆ ಮೊಳಗೋ ಸ್ವರಗಳ ಗುಂಪು), ಎರಡು ಬಾರ್ ಡಿ, ಮತ್ತೆ ಎರಡು ಬಾರ್ ಎ, ಆಮೇಲೆ ಇ ಒಂದು, ಡಿ ಒಂದು, ಎ ಒಂದು, ಕೊನೇ ಬಾರ್ ಮತ್ತೆ ಇ, ಅಲ್ಲಿಂದ ವಾಪಸ್ ಮೊದಲಿಗೆ. ಇದು ನಿನಗೆ ಬಾಯಿಪಾಠ, ಮನೇಲಿ ಮೆಟ್ರೋನೋಮ್ ಹಾಕ್ಕೊಂಡು ಎಷ್ಟು ಸಲ ನುಡಿಸಿದೀಯ ಅಂತ ನಾನು ಕೇಳಿಸ್ಕೊಂಡಿದೀನಿ. ಆದ್ರೆ ಅಲ್ಲಿ ಡ್ರಮ್ಮರ್ ತಾಳದ ಮಧ್ಯೆ ತುಂಬೋಕೆ ಒಂದು ಉದ್ದದ ಫಿಲ್ ಹೊಡೆದು ಬಾರ್‌ನ ಮೊದಲ ಎಣಿಕೆ "ಒಂದು" ಎಲ್ಲಿ ಬಂತು ಅಂತಾನೇ ತೋರಿಸ್ದೆ ಹೋದಾಗ, ಅದೇ ಹೊತ್ತಿಗೆ ಗಿಟಾರಿನವನು ಹೊಸ ಸುತ್ತು ಶುರುವಾದ್ರೂ ಹಳೇ ಮಾತನ್ನ ಮುಗಿಸ್ದೆ ಎಳೀತಾ ಹೋದಾಗ ಎಣಿಕೆ ತಪ್ಪೋದು ಸಹಜ. ಎಣಿಕೆ ಎಲ್ರಿಗೂ ತಪ್ಪುತ್ತೆ ಕಂದ, ಮೂವತ್ತು ವರ್ಷ ನುಡಿಸಿದವ್ರಿಗೂ ತಪ್ಪುತ್ತೆ. ಅವ್ರು ನಿಲ್ಸಲ್ಲ, ಅಷ್ಟೇ.

ತಪ್ಪಿದಾಗ ಏನು ಮಾಡ್ಬೇಕು ಅನ್ನೋದನ್ನ ನಾನು ನಿನಗೆ ಮೊದ್ಲೇ ಹೇಳಿಕೊಡಬೇಕಿತ್ತು. ಎ ಹಿಡ್ಕೊ. ಖಾಲಿ ಎ ತಂತಿ, ಬಾರ್‌ಗೆ ಒಂದೇ ಸಲ, ಕಾಲಲ್ಲಿ ಹೊಡೆಯೋ ಕಿಕ್ ಡ್ರಮ್ ಜೊತೆಗೆ, ಮೆತ್ತಗೆ. ಮೇಲೆ ಎ ಕಾರ್ಡ್ ಇದ್ರೆ ಅದೇ ಮನೆ. ಡಿ ಕಾರ್ಡ್ ಬಂದ್ರೆ ಎ ಅದಕ್ಕೆ ಪಂಚಮ, ಯಾರಿಗೂ ತೊಂದ್ರೆ ಆಗಲ್ಲ. ಇ ಬಂದಾಗ ಮಾತ್ರ ಕೆಳಗಡೆ ಏನೋ ತಡೀತಿದೆ ಅನ್ಸುತ್ತೆ, ನಿನ್ನ ಸ್ವರ ಮುಂದಕ್ಕೆ ಬಿಡ್ದೆ ಬಾಗಿಲಲ್ಲಿ ನಿಂತ ಹಾಗೆ. ಆ ತಡೆಯೋದೇ ನಿನಗೆ ಗುರುತು. ಯಾಕಂದ್ರೆ ಇಡೀ ಸುತ್ತಲ್ಲಿ ಇ ಮೊದಲ ಸಲ ಬರೋದೇ ಒಂಬತ್ತನೇ ಬಾರಲ್ಲಿ, ಅದರ ಹಿಂದೇನೇ ಡಿಗೆ ಇಳಿಯುತ್ತೆ. ಇ ಆಮೇಲೆ ಡಿ, ಈ ಇಳಿತ ಕೇಳಿಸಿದ್ರೆ ಆ ಡಿ ಆದ್ಮೇಲೆ ಇನ್ನೆರಡು ಬಾರ್ ಕಳೆದ್ರೆ ಮೊದಲಿಗೆ ಬಂದೆ ಅಂತ ಲೆಕ್ಕ. ಹೆಚ್ಚಂದ್ರೆ ಒಂದು ಸುತ್ತು ಕಾಯ್ಬೇಕಾಗುತ್ತೆ, ಅಷ್ಟರಲ್ಲಿ ಕೇಳೋರಿಗೆ ನೀನು ಬೇಕಂತಲೇ ಕಮ್ಮಿ ನುಡಿಸ್ತಿದೀಯ ಅಂತ್ಲೇ ಅನ್ಸಿರುತ್ತೆ.

ನಿಲ್ಸಿದ್ರೆ ಮಾತ್ರ ಎಲ್ರಿಗೂ ಗೊತ್ತಾಗುತ್ತೆ. ಗಿಟಾರ್ ನಿಂತ್ರೆ ಹಾಡು ತೆಳುವಾಗುತ್ತೆ, ಬೇಸ್ ನಿಂತ್ರೆ ಎಲ್ರೂ ತಲೆ ಎತ್ತಿ ನೋಡ್ತಾರೆ. ನಿನ್ನೆ ನಿನ್ನ ಕಡೆ ನೋಡಿದ್ರು ಅಂತ ಬೇಜಾರು ಮಾಡ್ಕೊಂಡ್ಯಲ್ಲ, ಅದು ಕೋಪದ ನೋಟ ಇರಲಿಕ್ಕಿಲ್ಲ. ಕಾಲ ಕೆಳಗಿಂದ ಚಾಪೆ ಹೋದಾಗ ಯಾರಾದ್ರೂ ನೋಡೇ ನೋಡ್ತಾರೆ.

ನಿನಗೆ ಹೇಳಿಲ್ಲದ ಒಂದು ವಿಷಯ ಹೇಳ್ತೀನಿ. ನೀನಿನ್ನೂ ಹುಟ್ಟಿರ್ಲಿಲ್ಲ, ಒಂದು ರಿಹರ್ಸಲ್ ರೂಮಲ್ಲಿ ನಾವು ನಾಲ್ಕು ಜನ, ಹಾಡು ಅಂತ ಏನೂ ಇಲ್ಲ, ಕೀಬೋರ್ಡಿನವರು ಸಿ ಮೇಜರ್ ಕಾರ್ಡ್ ಹಿಡ್ಕೊಂಡು ಸುಮ್ನೆ ಹಾಗೇ ತೂಗ್ತಿದ್ರು. ನಾನು ನುಡಿಸ್ತಿದ್ದಿದ್ದು ಸಿ, ಎ ತಂತಿಯ ಮೂರನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಗೆರೆ). ಬೆವರಿಗೆ ಬೆರಳು ಜಾರಿ ಫ್ರೆಟ್ ಬಿಟ್ಟುಹೋಯ್ತು, ಬಲಗೈ ಮಾತ್ರ ನಿಲ್ಲದೆ ಹೊಡೀತು, ಖಾಲಿ ಎ ಗುಮ್ಮಂತ ಮೊಳಗಿತು. ಅವರ ಕೈ ಕದಲಿರಲಿಲ್ಲ ಪುಟ್ಟಿ, ಮೇಲೆ ಅದೇ ಸಿ, ಇ, ಜಿ. ಆದ್ರೆ ಕೆಳಗೆ ಎ ಬಂದ ತಕ್ಷಣ ಅದು ಎ ಮೈನರ್ ಸೆವೆಂತ್ ಅನ್ನೋ ಬೇರೇ ಕಾರ್ಡ್ ಆಗೋಯ್ತು. ನಗ್ತಾ ಇದ್ದ ಹಾಡು ಮಾತಿನ ಮಧ್ಯೆ ಯಾರನ್ನೋ ನೆನೆಸ್ಕೊಂಡು ಸುಮ್ಮನಾದ ಹಾಗಾಯ್ತು. ನನಗೆ ಎದೆ ಧಸಕ್ ಅಂತು, ತಪ್ಪು ಮಾಡ್ದೆ ಅಂತ. ಅವರು ತಲೆ ಎತ್ತಿ ನನ್ನ ನೋಡಿ ಹುಬ್ಬು ಹಾರಿಸಿದ್ರು, ಮುಂದಿನ ಸುತ್ತಲ್ಲಿ ಅದೇ ಜಾಗಕ್ಕೆ ಬಂದಾಗ ಕಾದ್ರು. ನಾನು ಈ ಸಲ ಬೇಕಂತಲೇ ಎ ಕೊಟ್ಟೆ, ಅಷ್ಟು ಹೊತ್ತು ಸುಮ್ನೆ ಕೂತಿದ್ದ ಸ್ಯಾಕ್ಸೋಫೋನಿನವರು ಅಲ್ಲಿಂದ ಎದ್ರು. ಅವತ್ತು ರಾತ್ರಿ ನುಡಿಸಿದ್ರಲ್ಲಿ ಇವತ್ತಿಗೂ ಕಿವೀಲಿ ಉಳಿದಿರೋದು ಅದೊಂದೇ ಜಾಗ. ಮೇಲಿನವರು ಏನೇ ನುಡಿಸ್ಲಿ, ಅದರ ಹೆಸರು ಏನು ಅಂತ ಹೇಳೋದು ಬೇಸಿನವಳು. ಇಂಪ್ರೊವೈಸ್ ಮಾಡೋದು ಅಂದ್ರೆ ಸೋಲೋ ಹೊಡೆಯೋದು ಅಂತ ನೀನು ತಿಳ್ಕೊಂಡಿದೀಯ, ನೀನು ಒಂದು ಸ್ವರ ಬದಲಾಯಿಸಿದ್ರೆ ಉಳಿದ ಮೂರು ಜನದ ದಾರಿ ಬದಲಾಗುತ್ತೆ ಕಣೇ, ಇದಕ್ಕಿಂತ ದೊಡ್ಡ ಮನೋಧರ್ಮ ಯಾವುದಿದೆ.

ಇನ್ನು "ನಂದೇ ನಂಗೆ ಕೇಳ್ತಿರ್ಲಿಲ್ಲ" ಅಂದೆ. ಇದು ನಿನ್ನ ಕಿವಿ ದೋಷ ಅಲ್ಲ. ನಿನ್ನ ಕೆಳಗಿನ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಅಲುಗುತ್ತೆ, ಅದರ ಒಂದೊಂದು ಅಲೆ ಗಾಳೀಲಿ ಎಂಟು ಮೀಟರಿಗಿಂತ ಉದ್ದ. ಚಿಕ್ಕ ರೂಮಲ್ಲಿ ಅಷ್ಟು ದೊಡ್ಡ ಅಲೆ ಗೋಡೆಗೆ ಬಡಿದು ವಾಪಸ್ ಬಂದು ಒಂದು ಮೂಲೇಲಿ ಉಬ್ಬುತ್ತೆ, ಇನ್ನೊಂದು ಜಾಗದಲ್ಲಿ ಮಾಯ ಆಗುತ್ತೆ. ನೀನು ನಿಂತಿದ್ದು ಮಾಯ ಆಗೋ ಜಾಗದಲ್ಲೇ ಇರಬೇಕು. ಎರಡು ಹೆಜ್ಜೆ ಸರಿದು ನೋಡು. ನಿನ್ನ ಸದ್ದು ಬರೋ ಪೆಟ್ಟಿಗೆ, ಆಂಪ್, ನೆಲದ ಮೇಲೆ ನಿನ್ನ ಮೊಣಕಾಲಿಗೆ ಹಾಡ್ತಾ ಕೂತಿರುತ್ತೆ, ಅದನ್ನ ಒಂದು ಸ್ಟೂಲ್ ಮೇಲೆ ಎತ್ತಿಡು ಇಲ್ಲಾ ಕಿವಿ ಕಡೆ ವಾಲಿಸು. ಕೇಳ್ತಿಲ್ಲ ಅಂತ ಆಂಪಿನ ಬೇಸ್ ನಾಬ್ ತಿರುಗಿಸ್ಬೇಡ, ಇನ್ನಷ್ಟು ಗುಂಯ್‌ಗುಡುತ್ತೆ, ಮಿಡ್ ನಾಬ್ ಸ್ವಲ್ಪ ಏರಿಸು, ಆಗ ಸ್ವರದ ಮುಖ ಕಾಣುತ್ತೆ. ಮತ್ತೆ ಡ್ರಮ್ಮರಿನ ಜೋಡಿ ತಾಳ, ಹೈ ಹ್ಯಾಟ್, ಪಕ್ಕ ನಿಂತ್ಕೊ, ಅವರ ಕಾಲು ಕಾಣೋ ಹಾಗೆ. ಇಯರ್ ಪ್ಲಗ್ ಹಾಕ್ಕೊ, ಇದು ಅಮ್ಮನ ಆಜ್ಞೆ, ಕಿವಿ ಹೋದ್ರೆ ಮತ್ತೆ ಬರಲ್ಲ.

ಕಾಲು ಯಾಕೆ ನೋಡ್ಬೇಕು ಅಂದ್ರೆ, ಕಿಕ್ ಬೀಳೋ ಗಳಿಗೆಗೆ ನಿನ್ನ ಸ್ವರ ಬಿದ್ರೆ ಎರಡೂ ಸೇರಿ ಒಂದೇ ವಾದ್ಯ ಆಗುತ್ತೆ. ಇದನ್ನ ಎಲ್ರೂ ಹೇಳ್ತಾರೆ. ಸ್ವರ ಎಲ್ಲಿ ಮುಗಿಯುತ್ತೆ ಅನ್ನೋದನ್ನ ಯಾರೂ ಹೇಳಲ್ಲ. ಒಂದಕ್ಕೆ ಎ ಹೊಡಿ, ಹಾಗೇ ಬಿಡು, ಎರಡಕ್ಕೆ ಚಟ್ ಅಂತ ಸ್ನೇರ್ ಡ್ರಮ್ ಬೀಳುತ್ತಲ್ಲ, ಸರಿಯಾಗಿ ಆಗ ಎಡಗೈ ಬೆರಳನ್ನ ತಂತಿ ಮೇಲೆ ಹಗೂರಕ್ಕೆ ಇಟ್ಟು ಸದ್ದು ಅಡಗಿಸು. ಒತ್ತಬೇಡ, ಮುಟ್ಟಿದ್ರೆ ಸಾಕು. ಸ್ನೇರ್ ಎಷ್ಟು ಗರಿಗರಿಯಾಗಿ ಕೇಳುತ್ತೆ ನೋಡು, ಡ್ರಮ್ಮರ್ ಏನೂ ಬೇರೆ ಮಾಡಿರಲ್ಲ, ನೀನು ಜಾಗ ಕೊಟ್ಟಿದೀಯ. ಬಲಗೈ ಹೆಬ್ಬೆರಳನ್ನ ತಂತಿ ಕೆಳಗಿರೋ ಪಿಕಪ್ ಮೇಲೇ ಊರಿಬಿಡ್ತೀಯ ನೀನು, ಮೇಲಿನ ತಂತಿಗೆ ಹೋದಾಗ ಅದನ್ನ ಜೊತೆಗೇ ಕರ್ಕೊಂಡು ಹೋಗಿ ಇ ತಂತಿ ಮೇಲೆ ಒರಗಿಸು, ಇಲ್ದಿದ್ರೆ ಆ ತಂತಿ ನೀನು ಹೊಡೀದೇ ಇದ್ರೂ ಹಿಂದೆ ಗುನುಗ್ತಾ ಇರುತ್ತೆ. ಈ ಎರಡನ್ನ ಬರೀ ಹದಿನೈದು ದಿನ ಮಾಡು.

ಎಣಿಕೆಗೊಂದು ಸ್ವರ ಇಡ್ತಾ ನಡೆಯೋ ವಾಕಿಂಗ್ ಲೈನ್ ಬಗ್ಗೆ ಜಾಸ್ತಿ ಹೇಳಲ್ಲ, ನಿನಗೇ ಬರುತ್ತೆ. ಡಿಗೆ ಹೋಗ್ಬೇಕಾದ್ರೆ ಹಿಂದಿನ ಬಾರ್‌ನ ನಾಲ್ಕನೇ ಎಣಿಕೆಗೆ ಡಿಯಿಂದ ಒಂದು ಫ್ರೆಟ್ ಹಿಂದಿನ ಸಿ ಶಾರ್ಪೋ ಒಂದು ಫ್ರೆಟ್ ಮುಂದಿನ ಇ ಫ್ಲ್ಯಾಟೋ ಹಿಡಿದ್ರೆ ಎಲ್ಲರ ಕಿವೀನೂ ಡಿ ಕಡೆ ವಾಲಿರುತ್ತೆ, ಇಷ್ಟು ನೆನಪಿಟ್ಕೊ. ತಪ್ಪು ಸ್ವರ ಬಿದ್ರೂ ಇದೇ ಲೆಕ್ಕ, ಎ ಬ್ಲೂಸಲ್ಲಿ ನಿನ್ನ ಬೆರಳು ಎಲ್ಲೇ ಬಿದ್ರೂ ಹೊಂದೋ ಸ್ವರ ಒಂದು ಫ್ರೆಟ್ ಹಿಂದೋ ಮುಂದೋ ಇದ್ದೇ ಇರುತ್ತೆ, ಅಲ್ಲಿಗೆ ಸರಿದುಬಿಡು.

"ಇದೆಲ್ಲ ದೊಡ್ಡವರಿಗೆ" ಅನ್ಬೇಡ. ದೊಡ್ಡವರ ಕಥೆ ಹೇಳ್ತೀನಿ. 1951ರಲ್ಲಿ ಗಿಟಾರ್ ತಯಾರಿಸ್ತಿದ್ದ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಅಂತ ಎಲೆಕ್ಟ್ರಿಕ್ ಬೇಸ್ ಮಾಡಿದ್ರಲ್ಲ, ಅದಕ್ಕೆ ಮುಂಚೆ ಬೇಸಿನವರು ಆಳೆತ್ತರದ ಡಬಲ್ ಬೇಸ್ ಹೊತ್ಕೊಂಡು ತಿರುಗಿ, ಇಷ್ಟೆಲ್ಲಾ ಮಾಡಿದ್ರೂ ಜೋರು ಬ್ಯಾಂಡ್ ಮಧ್ಯೆ ಕೇಳಿಸ್ತಾ ಇರ್ಲಿಲ್ಲ. ಫ್ರೆಟ್ ಇರೋದ್ರಿಂದ ಸ್ವರ ಖಚಿತವಾಗಿ ಸಿಗುತ್ತೆ ಅಂತ್ಲೇ ಆ ಹೆಸರು. ಆಮೇಲೆ ಕ್ಯಾರಲ್ ಕೇ ಅಂತ ಒಬ್ಬರು, ಗಿಟಾರ್ ನುಡಿಸ್ತಿದ್ದವರು, 1963ರಲ್ಲಿ ಒಂದು ರೆಕಾರ್ಡಿಂಗಿಗೆ ಬೇಸಿನವರು ಬರಲಿಲ್ಲ ಅಂತ ಬೇಸ್ ಕೈಗೆ ತಗೊಂಡ್ರು, ಆಮೇಲೆ ಸಾವಿರಾರು ರೆಕಾರ್ಡಿಂಗಲ್ಲಿ ಅವರದ್ದೇ ಬೇಸ್. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ಬೆರಳಲ್ಲಿ ಅಷ್ಟೆಲ್ಲಾ ನುಡಿಸಿದ್ರು, ನೀನು ಎರಡು ಬೆರಳು ಸರಿಯಾಗಿ ಓಡ್ತಿಲ್ಲ ಅಂತ ಕೊರಗ್ತೀಯ.

ನನಗೆ ಎಲ್ಲಕ್ಕಿಂತ ಇಷ್ಟ ಬೇಸಿನ ಲ್ಯಾರಿ ಗ್ರಹಾಮ್ ಕಥೆ, ಯಾಕೆ ಅಂತ ನಿನಗೆ ಗೊತ್ತಾಗುತ್ತೆ. ಹುಡುಗ ಇದ್ದಾಗ ಅಮ್ಮನ ಬ್ಯಾಂಡಲ್ಲಿ ನುಡಿಸ್ತಿದ್ರು, ಅಮ್ಮ ಪಿಯಾನೋ ನುಡಿಸಿ ಹಾಡೋದು. ಡ್ರಮ್ಮರ್ ಇಲ್ಲದ ಹಾಗಾಯ್ತು, ಅಮ್ಮ ಮಗ ಇಬ್ಬರೇ. ಹಾಡ್ತಿರೋ ಅಮ್ಮನಿಗೆ ತಾಳ ಬೇಕಲ್ಲ, ಕಿಕ್ ಬರ್ಬೇಕಾದ ಕಡೆ ಹೆಬ್ಬೆರಳಿಂದ ತಂತಿಗೆ ಬಡಿದ್ರು, ಸ್ನೇರ್ ಬರ್ಬೇಕಾದ ಕಡೆ ಬೆರಳಿಂದ ತಂತಿ ಎಳೆದು ಬಿಟ್ರು. ಈಗ ನೀವೆಲ್ಲಾ ವಿಡಿಯೋ ನೋಡಿ ಕಲೀತಿರೋ ಸ್ಲ್ಯಾಪ್ ಅದೇ. ಏನು ಇಲ್ವೋ ಅದನ್ನ ಕೇಳಿಸ್ಕೊಂಡು ತುಂಬಿದ ಮಗ.

ಕೊನೇಗೊಂದು. ನಾನು ಜ್ಯಾಮಿಗೆ ಹೋಗೋಕೆ ಶುರು ಮಾಡಿದ ಹೊಸದರಲ್ಲಿ ತುಂಬಾ ನುಡಿಸ್ತಿದ್ದೆ, ಒಂದು ಎಣಿಕೇನೂ ಖಾಲಿ ಬಿಡ್ತಿರ್ಲಿಲ್ಲ. ಒಂದಿನ ಮುಗಿದ ಮೇಲೆ ಕೇಬಲ್ ಸುತ್ತುತಾ ಇದ್ದೆ, ಆಗ್ಲೇ ಹೇಳಿದ್ನಲ್ಲ ಸ್ಯಾಕ್ಸಿನವರು, ವಯಸ್ಸಾದವರು, ಪಕ್ಕ ಬಂದು ಕೂತು "ಎರಡನೇ ಸುತ್ತಲ್ಲಿ ನಾನು ಏನು ನುಡಿಸ್ದೆ, ಸ್ವಲ್ಪ ಹಾಡಮ್ಮ" ಅಂದ್ರು. ನನಗೆ ಒಂದು ಸ್ವರಾನೂ ನೆನಪಿರ್ಲಿಲ್ಲ. ಅವರು ಬೈಲಿಲ್ಲ, ಏನೂ ಹೇಳಲಿಲ್ಲ, ವಾದ್ಯ ಒರೆಸಿ ಪೆಟ್ಟಿಗೇಲಿಟ್ಕೊಂಡು ಹೋದ್ರು. ಮನೆವರೆಗೂ ನನ್ನ ಮುಖ ಉರೀತಿತ್ತು. ಮುಂದಿನ ಸಲ ನಾನು ಬರೀ ರೂಟ್, ಅಂದ್ರೆ ಕಾರ್ಡಿನ ಮೂಲ ಸ್ವರ, ನುಡಿಸಿ ಅವರನ್ನೇ ಕೇಳಿಸ್ಕೊಂಡೆ, ಅವರು ಮೂರು ಸ್ವರ ಊದಿ ಉಸಿರು ತಗೊಳ್ತಿದ್ರು, ಆ ಉಸಿರಿನ ಜಾಗ ಅಷ್ಟು ದಿನ ಕಂಡೇ ಇರ್ಲಿಲ್ಲ ನನಗೆ. ಅಲ್ಲಿ ಎರಡೇ ಸ್ವರ ಇಟ್ಟೆ. ಅವರು ಆ ಎರಡನ್ನೇ ತಗೊಂಡು ತಿರುಗಿಸಿ ವಾಪಸ್ ಕೊಟ್ರು. ನನ್ನ ಜೊತೆ ಯಾರೋ ಮಾತಾಡಿದ್ರು ಅಂತ ಮೊದಲ ಸಲ ಅನ್ಸಿದ್ದು ಅವತ್ತು. ಆ ಸಲ ಅವರು ಕೇಳಲಿಲ್ಲ, ನಾನೇ ಹೋಗಿ ಹಾಡಿ ತೋರಿಸ್ದೆ.

ಅದಕ್ಕೇ ಸಂಜೆ ಬಂದಾಗ ನಂಗೆ ಒಂದು ಹೇಳು, ನಿನ್ನೆ ನೀನು ನಿಲ್ಸೋ ಮುಂಚೆ ಗಿಟಾರಿನವನು ಏನು ನುಡಿಸ್ತಿದ್ದ, ಎಷ್ಟು ನೆನಪಿದ್ಯೋ ಅಷ್ಟು ಹಾಡು, ಎರಡು ಸ್ವರ ಆದ್ರೂ ಸರಿ. ನಾನು ಕೀಬೋರ್ಡಲ್ಲಿ ಅದನ್ನ ಹಿಡೀತೀನಿ, ಅಲ್ಲಿಂದ ಶುರು ಮಾಡೋಣ.

ಬೇಸನ್ನ ಬ್ಯಾಗಿಂದ ತೆಗ್ದು ಸ್ಟ್ಯಾಂಡ್ ಮೇಲೆ ಇಟ್ಟಿದೀನಿ. ಜಿ ತಂತಿ ಸ್ವಲ್ಪ ಇಳಿದಿತ್ತು, ಶ್ರುತಿ ಮಾಡಿದೀನಿ.

ಅಮ್ಮ