ಮುಟ್ಟದೆ ಹಿಡಿದ ಕೈಗೆ

ಮಾಟುಂಗದ ನಮ್ಮ ಸಮತೋಲನ ಪರೀಕ್ಷೆಯ ಕೋಣೆಗೆ ಈ ವಾರ ಒಂದು ವರ್ಷ ತುಂಬಿತು. ಶುರುವಿನ ಪಾಡು ನಿಮಗೆಲ್ಲ ಗೊತ್ತೇ ಇದೆ. ಜಾಗ ಬಿಟ್ಟುಕೊಟ್ಟವರು, ಕಣ್ಣಿನ ಚಲನೆ ಹಿಡಿಯುವ ಕ್ಯಾಮೆರಾ ಕನ್ನಡಕ ಕೊಡಿಸಿದ ಹೋಟೆಲ್ ಮಾಲೀಕರು, ವೈದ್ಯರನ್ನು ಕೇಳಿಕೊಂಡು ತಲೆಸುತ್ತಿನ ಮಾತ್ರೆಯನ್ನು 48 ಗಂಟೆ ಮೊದಲೇ ನಿಲ್ಲಿಸಿ ಎಂದು ಫೋನಿನಲ್ಲಿ ನೆನಪಿಸುತ್ತಿದ್ದ ಹುಡುಗರು, ಎಲ್ಲರಿಗೂ ವಂದನೆ.

ಉಳಿದದ್ದೆಲ್ಲ ಕೋಣೆಯಲ್ಲಿ ರೋಗಿಗಳ ಜೊತೆ ನಿಲ್ಲುವ ಅಕ್ಕನಿಗೆ. ಮುಂಬೈ ಅವರನ್ನು ಮಾವಶಿ ಅನ್ನುತ್ತದೆ, ನಮ್ಮವರಿಗೆ ಅವರು ಅಕ್ಕ.

ರೋಗಿಯನ್ನು ಮೊದಲು ನಿಲ್ಲಿಸುವುದು ಗಟ್ಟಿ ನೆಲದ ಮೇಲೆ, ಕಣ್ಣು ತೆರೆದು, ಮುಚ್ಚಿ. ಆಮೇಲೆ ಮೆತ್ತನೆ ಫೋಮ್ ದಿಂಬಿನ ಮೇಲೆ ತೆರೆದು, ಮುಚ್ಚಿ. ಒಂದೊಂದೂ 30 ಸೆಕೆಂಡ್. ಕೊನೆಯದರಲ್ಲಿ ಕಣ್ಣಿನ ಆಸರೆ ಇಲ್ಲ, ಪಾದಕ್ಕೆ ನೆಲದ ಸುಳಿವು ಸರಿಯಾಗಿ ಸಿಗದು, ಒಳಕಿವಿಯೊಂದೇ ಗತಿ. ಜನ ಬೀಳುವುದು ಅಲ್ಲೇ. ಹಿಂದೆ ನಿಂತವರ ಬೆರಳ ತುದಿ ತಾಗಿದರೂ ಸಾಕು, ಆ ಸ್ಪರ್ಶ ಹಿಡಿದುಕೊಂಡೇ ದೇಹ ನೆಟ್ಟಗಾಗಿ ಸೋತ ಕಿವಿಯೂ ಪಾಸಾಗಿಬಿಡುತ್ತದೆ. ದೂರ ನಿಂತರೆ ಬಿದ್ದವರ ಸೊಂಟ ಮುರಿಯುತ್ತದೆ. ಅಕ್ಕ ಎರಡೂ ಕಂಕುಳ ಪಕ್ಕ ನಾಲ್ಕು ಬೆರಳು ಜಾಗ ಬಿಟ್ಟು ಕೈ ಚಾಚಿರುತ್ತಾರೆ, ನೋಟ ಮಾತ್ರ ರೋಗಿಯ ಹೆಬ್ಬೆರಳ ಮೇಲೆ. ಬೀಳುವ ಮೊದಲು ಹೆಬ್ಬೆರಳು ಫೋಮನ್ನು ಕಚ್ಚುತ್ತದಂತೆ. ಹಳೇ ಫೋಮ್ ಸತ್ತಿದ್ದನ್ನು ಹಿಡಿದವರೂ ಅವರೇ. "ಭಾರದವರು ಹತ್ತಿದ್ರೆ ಹಿಮ್ಮಡಿ ನೆಲಕ್ಕೆ ತಾಗ್ತದೆ, ನೋಡಿ." ಹೌದು, ಅಂಥವರ ಫಲಿತಾಂಶ ಸುಳ್ಳೇ ಚೆನ್ನಾಗಿ ಬರುತ್ತಿತ್ತು.

ದೇಹ ಯಾವ ಕಡೆ ತಿರುಗುತ್ತದೆಂದು ನೋಡಲು ಕಣ್ಣು ಮುಚ್ಚಿ ಇದ್ದಲ್ಲೇ 50 ಹೆಜ್ಜೆ ಹಾಕಿಸುವಾಗ ಲೋಕಲ್ ರೈಲಿನ ಹಾರ್ನ್ ಕೇಳಿದರೆ ದಿಕ್ಕು ಸಿಕ್ಕಿಬಿಡುತ್ತದೆ. ಗಾಡಿ ದಾಟುವವರೆಗೆ ಅಕ್ಕ "ತಡೀರಿ" ಅನ್ನುತ್ತಾರೆ.

ಕಿವಿಗೆ ನೀರು ಬಿಟ್ಟು ಕಣ್ಣುಗುಡ್ಡೆ ಓಡಿಸಿ ನೋಡುವ ಪರೀಕ್ಷೆ 1914ರ ನೊಬೆಲ್ ಪಡೆದ ಕಿವಿ ವೈದ್ಯ ಬಾರಾನಿಯ ಕಾಲದಿಂದ ಬಂದದ್ದು. ಇಲ್ಲಿ ಬಿಡುವುದು 30 ಡಿಗ್ರಿಯ, ಆಮೇಲೆ 44 ಡಿಗ್ರಿಯ ನೀರು. ಪ್ರತಿ ಸಲದ ನಡುವೆ 5 ನಿಮಿಷ ಬಿಡುವು. ಕಣ್ಣುಗುಡ್ಡೆ ಓಡುತ್ತಿರುವಾಗ ಮನಸ್ಸು ಖಾಲಿ ಕೂತರೆ ಓಟ ತಗ್ಗಿ ಎರಡೂ ಕಿವಿ ಸೋತಂತೆ ಕಾಣುತ್ತದೆ, ಅದಕ್ಕೇ ಏನಾದರೂ ಕೇಳುತ್ತಿರಬೇಕು. ನೂರರಿಂದ ಏಳೇಳು ಕಳೆಯಿರಿ ಎಂದು ಹಿಂದಿಯಲ್ಲಿ ಕೇಳಿದರೆ ಅಡುಗೆ ಭಟ್ಟರು ಬಾಯಿ ಬಿಡುತ್ತಿರಲಿಲ್ಲ. ಅಕ್ಕ ಅವರನ್ನು ಮನಸ್ಸಿನಲ್ಲೇ ಕುಂದಾಪುರದಿಂದ ಉಡುಪಿಗೆ ಹೋಗುವ ಬಸ್ಸು ಹತ್ತಿಸಿ ಊರುಗಳ ಹೆಸರು ಹೇಳಿಸಿದರು. ತೆಕ್ಕಟ್ಟೆ, ಕೋಟ, ಸಾಲಿಗ್ರಾಮ, ಸಾಸ್ತಾನ, ಬ್ರಹ್ಮಾವರ... ಸಂತೆಕಟ್ಟೆ ಬರುವಷ್ಟರಲ್ಲಿ ಗ್ರಾಫ್ ಸಿಕ್ಕಿರುತ್ತಿತ್ತು.

ಜುಲೈ ಮಳೆಗೆ ಗಾಡಿ ನಿಂತ ಆ ರಾತ್ರಿ ಮೂವರು ರೋಗಿಗಳು ಇಲ್ಲೇ ಉಳಿದರು. ಒಬ್ಬರಿಗೆ ಹಳೇ ತಲೆಸುತ್ತು ಕೆರಳಿ ವಾಂತಿ. ಅಕ್ಕ ಅವರ ತಲೆ ಅಲುಗದಂತೆ ದಿಂಬು ಒತ್ತರಿಸಿ, "ಆ ಕ್ಯಾಲೆಂಡರಿನ ಮೊಳೆ ಒಂದೇ ನೋಡಿ ಅಣ್ಣಾ" ಎನ್ನುತ್ತ ಬೆಳಗಿನವರೆಗೆ ಬಕೆಟ್ ಹಿಡಿದು ಕೂತರು. ಅವರಿಲ್ಲದಿದ್ದರೆ ಮರುದಿನ ಈ ಬಾಗಿಲು ತೆರೆಯುತ್ತಿರಲಿಲ್ಲ. ಎದುರಿಗೆ ಹೇಳಲು ಇಷ್ಟು ತಿಂಗಳು ನಾಲಿಗೆ ಏಳಲಿಲ್ಲ ಅಕ್ಕಾ.

ಹೊಸ ಫೋಮ್ ಬಂದಿದೆ. ನೀವು ಊರಿಂದ ಬಂದು ಹಿಂಡಿ ನೋಡುವವರೆಗೆ ಕವರ್ ಬಿಚ್ಚುವುದಿಲ್ಲ.