ಪಿಟ್ಯುಟರಿಯ ಹಿಂಭಾಗ ಉಗ್ರಾಣ, ಕಾರ್ಖಾನೆಯಲ್ಲ

ಮಾನ್ಯ ಸಂಪಾದಕರೇ,

ಪಿಟ್ಯುಟರಿ ಗ್ರಂಥಿ ಹೆರಿಗೆ, ಹಾಲೂಡಿಕೆಗೆ ನೆರವಾಗುವ ಆಕ್ಸಿಟೋಸಿನ್ ಹಾಗೂ ಮೂತ್ರವನ್ನು ಹತೋಟಿಯಲ್ಲಿಡುವ ವ್ಯಾಸೊಪ್ರೆಸ್ಸಿನ್ ಹಾರ್ಮೋನು‌ಗಳನ್ನು 'ಉತ್ಪಾದಿಸುತ್ತದೆ' ಎಂಬ ಮಾತು ಆರೋಗ್ಯ ಅಂಕಣಗಳಲ್ಲೂ ಪರೀಕ್ಷೆಯ ಗೈಡುಗಳಲ್ಲೂ ಪದೇ ಪದೇ ಕಾಣುತ್ತಿದೆ. ಸೂಕ್ಷ್ಮದರ್ಶಕದಡಿ ಈ ಗ್ರಂಥಿಯ ಸ್ಲೈಡನ್ನು ಸರಿಯಾಗಿ ನೋಡಿದವರು ಹಾಗೆ ಬರೆಯುವುದು ಕಷ್ಟ.

ತಲೆಬುರುಡೆಯ ತಳದಲ್ಲಿ, ಕುದುರೆಯ ಜೀನಿನಂಥ ಗುಳಿಯೊಳಗೆ ಕುಳಿತಿರುವ ಈ ಗ್ರಂಥಿ ದೊಡ್ಡ ಕಡಲೆಕಾಳಿನಷ್ಟು. ತೂಕ ಸುಮಾರು ಅರ್ಧ ಗ್ರಾಂ. ಹೆಸರು ಒಂದೇ ಆದರೂ ಇದು ಎರಡು ಮನೆತನಗಳ ಕೂಡುಕುಟುಂಬ. ಭ್ರೂಣದಲ್ಲಿ ಬಾಯಿಯ ಮೇಲ್ಛಾವಣಿಯಿಂದ ಮೇಲೆದ್ದ ಚೀಲ ಮುಂಭಾಗವಾಯಿತು, ಮೆದುಳಿನ ತಳದಿಂದ ಕೆಳಗಿಳಿದ ಕುಡಿ ಹಿಂಭಾಗವಾಯಿತು. ಕಡಿಮೆ ಪವರಿನ ಲೆನ್ಸಿನಲ್ಲೇ ಇದು ತಿಳಿಯುತ್ತದೆ: ಒಂದು ಕಡೆ ಜೀವಕೋಶಗಳು ಒತ್ತೊತ್ತಾಗಿ ಗಾಢ ಬಣ್ಣದಲ್ಲಿರುತ್ತವೆ, ಇನ್ನೊಂದು ಕಡೆ ಎಳೆಎಳೆಯಾಗಿ ಪೇಲವವಾಗಿ ಕಾಣುತ್ತದೆ.

ಮುಂಭಾಗದ ಜೀವಕೋಶಗಳು ಗುಂಪುಗುಂಪಾಗಿ, ಸಣ್ಣ ರಂಧ್ರಗಳಿರುವ ಲೋಮನಾಳಗಳಿಗೆ ತಾಗಿಕೊಂಡಿರುತ್ತವೆ. ಬಣ್ಣ ಹಿಡಿಯುವ ರೀತಿ ನೋಡಿ ಅವುಗಳನ್ನು ಆಸಿಡೋಫಿಲ್ (ಸುಮಾರು 40%), ಬೇಸೋಫಿಲ್ (ಸುಮಾರು 10%), ಬಣ್ಣ ಹಿಡಿಯದ ಕ್ರೋಮೋಫೋಬ್ (ಸುಮಾರು 50%) ಎಂದು ವಿಂಗಡಿಸುವುದು ಹಳೆಯ ರೂಢಿ. ವಿದ್ಯಾರ್ಥಿಗಳು ರೆಕಾರ್ಡ್ ಪುಸ್ತಕದಲ್ಲಿ ಗುಲಾಬಿ ಮತ್ತು ನೇರಳೆ ಪೆನ್ಸಿಲ್ಲಿನಿಂದ ಇವನ್ನು ಚಂದವಾಗಿಯೇ ಬರೆಯುತ್ತಾರೆ. ಆದರೆ ಮಾಮೂಲಿ ಹಿಮಟಾಕ್ಸಿಲಿನ್–ಇಯೋಸಿನ್ ಬಣ್ಣದಲ್ಲಿ ಬೇಸೋಫಿಲ್‌ಗಳು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಪಿ.ಎ.ಎಸ್.–ಆರೆಂಜ್ ಜಿ ಎಂಬ ಬಣ್ಣಜೋಡಿ ಹಾಕಿದರೆ ಅವು ಮೆಜೆಂಟಾ ಆಗುತ್ತವೆ, ಆಸಿಡೋಫಿಲ್‌ಗಳು ಕಿತ್ತಳೆ. ಕಾರಣ ಸರಳ: ಪಿ.ಎ.ಎಸ್. ಸಕ್ಕರೆಯ ಕೊಂಡಿಗಳನ್ನು ಹಿಡಿಯುತ್ತದೆ. ಥೈರಾಯ್ಡನ್ನು ಚೋದಿಸುವ ಟಿ.ಎಸ್.ಎಚ್., ಅಂಡಾಶಯ ಮತ್ತು ವೃಷಣಗಳನ್ನು ಚೋದಿಸುವ ಎಫ್.ಎಸ್.ಎಚ್., ಎಲ್.ಎಚ್. ಈ ಮೂರು ಹಾರ್ಮೋನುಗಳಲ್ಲೂ ಸಕ್ಕರೆಯಿದೆ, ಬೆಳವಣಿಗೆಯ ಹಾರ್ಮೋನು, ಹಾಲು ಉತ್ಪತ್ತಿಗೆ ಕಾರಣವಾದ ಪ್ರೊಲ್ಯಾಕ್ಟಿನ್‌ಗಳದು ಬರೀ ಪ್ರೋಟೀನು. ಅಡ್ರಿನಲ್ ಗ್ರಂಥಿಯನ್ನು ಚೋದಿಸುವ ಎ.ಸಿ.ಟಿ.ಎಚ್.ನಲ್ಲಿ ಸಕ್ಕರೆಯಿಲ್ಲ, ಆದರೂ ಅದರ ಜೀವಕೋಶ ಮೆಜೆಂಟಾ ಆಗುತ್ತದೆ, ಏಕೆಂದರೆ ಆ ಹಾರ್ಮೋನು ತುಂಡಾಗಿ ಬರುವ ಮೂಲ ಪ್ರೋಟೀನಿಗೆ ಸಕ್ಕರೆ ಅಂಟಿರುತ್ತದೆ. ಎಫ್.ಎಸ್.ಎಚ್., ಎಲ್.ಎಚ್. ಎರಡನ್ನೂ ಒಂದೇ ಬಗೆಯ ಜೀವಕೋಶ ಮಾಡುವುದರಿಂದ ಆರು ಹಾರ್ಮೋನುಗಳಿಗೆ ಐದೇ ಬಗೆ.

ಇನ್ನು ಹಿಂಭಾಗ. ಅಲ್ಲಿ ಹಾರ್ಮೋನು ತಯಾರಿಸುವ ಒಂದು ಜೀವಕೋಶವೂ ಸಿಗುವುದಿಲ್ಲ. ಕಾಣುವ ನ್ಯೂಕ್ಲಿಯಸ್‌ಗಳು ಹೆಚ್ಚಾಗಿ ಪಿಟ್ಯುಸೈಟ್‌ಗಳದು. ಅವು ನರಗಳಿಗೆ ಆಸರೆಯಾದ ಜೀವಕೋಶಗಳು, ಅಷ್ಟೆ. ಉಳಿದದ್ದು ಸುಮಾರು ಒಂದು ಲಕ್ಷ ನರತಂತುಗಳು. ಅವುಗಳ ಜೀವಕೋಶದ ಒಡಲು ಮೇಲೆ, ಮೆದುಳಿನ ತಳಭಾಗವಾದ ಹೈಪೋಥಲಾಮಸ್ಸಿನ ಸುಪ್ರಾಆಪ್ಟಿಕ್ ಮತ್ತು ಪ್ಯಾರಾವೆಂಟ್ರಿಕ್ಯುಲರ್ ಕೇಂದ್ರಗಳಲ್ಲಿದೆ. ಹಾರ್ಮೋನು ಸಿದ್ಧವಾಗುವುದು ಅಲ್ಲಿಯೇ. ನ್ಯೂರೋಫೈಸಿನ್ ಎಂಬ ಪ್ರೋಟೀನಿನ ಜೊತೆ ಕಟ್ಟಿಕೊಂಡು ತಂತುವಿನೊಳಗೆ ಇಳಿದು ಬರುತ್ತದೆ. ತಂತು ಅಲ್ಲಲ್ಲಿ ಉಬ್ಬಿ ಆ ಸರಕನ್ನು ದಾಸ್ತಾನಿಟ್ಟ ಜಾಗಗಳೇ ಹೆರಿಂಗ್ ಕಾಯಗಳು. ಸ್ಲೈಡಿನಲ್ಲಿ ಗುಲಾಬಿ ಹನಿಗಳಂತೆ ಕಾಣುತ್ತವೆ. ಎಷ್ಟೋ ಮಂದಿ ಅವನ್ನು ರಕ್ತನಾಳವೆಂದು ಗುರುತು ಹಾಕುತ್ತಾರೆ.

ಇದು ಬರೀ ಪದದ ಜಗಳವಲ್ಲ. ಗ್ರಂಥಿಯನ್ನು ಮೆದುಳಿಗೆ ಜೋಡಿಸುವ ಕಾಂಡಕ್ಕೆ ಕೆಳಗಡೆ ಪೆಟ್ಟಾದರೆ, ವ್ಯಾಸೊಪ್ರೆಸ್ಸಿನ್ ಕೊರತೆಯಿಂದ ಬರುವ ಅತಿಮೂತ್ರ ಕೆಲವೇ ದಿನಗಳಲ್ಲಿ ಹತೋಟಿಗೆ ಬರಬಹುದು, ಉಳಿದ ತಂತುತುದಿಗಳಿಂದಲೇ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಮೇಲೆ, ಹೈಪೋಥಲಾಮಸ್ಸಿನ ಬಳಿಯೇ ಕಡಿದರೆ ಒಡಲುಗಳೇ ಸಾಯುತ್ತವೆ, ತೊಂದರೆ ಶಾಶ್ವತ. ಹೆರಿಗೆಯಲ್ಲಿ ವಿಪರೀತ ರಕ್ತ ಹೋದವರಲ್ಲಿ ಬರುವ, 1937ರಲ್ಲಿ ರೋಗಶಾಸ್ತ್ರಜ್ಞ ಶೀಹನ್ ವಿವರಿಸಿದ ಸ್ಥಿತಿಯಲ್ಲಿ ಇದರ ಇನ್ನೊಂದು ಮಗ್ಗುಲು ಕಾಣುತ್ತದೆ. ಬಸಿರಿನಲ್ಲಿ ಪ್ರೊಲ್ಯಾಕ್ಟಿನ್ ಜೀವಕೋಶಗಳು ಹೆಚ್ಚಿ ಮುಂಭಾಗ ಊದಿರುತ್ತದೆ. ಅದಕ್ಕೆ ರಕ್ತ ಸಿಗುವುದು ಮುಖ್ಯವಾಗಿ ಹೈಪೋಥಲಾಮಸ್ಸಿನ ಕಡೆಯಿಂದ ಇಳಿಯುವ, ಕಡಿಮೆ ಒತ್ತಡದ ಪೋರ್ಟಲ್ ರಕ್ತನಾಳಗಳಿಂದ. ಬಿ.ಪಿ. ಕುಸಿದೊಡನೆ ಮೊದಲು ಸೊರಗುವುದು ಅದೇ. ಬಾಣಂತಿಗೆ ಹಾಲು ಬಾರದು, ಆಮೇಲೆ ಮುಟ್ಟು ಮರಳದು. ಹಿಂಭಾಗಕ್ಕೆ ಸ್ವಂತ ಅಪಧಮನಿ ಇರುವುದರಿಂದ ಅದು ಬಹುತೇಕ ಪಾರಾಗುತ್ತದೆ.

ಪ್ರಯೋಗಾಲಯದವರಿಗೂ ಒಂದು ಮಾತು. ಗ್ರಂಥಿಯನ್ನು ಎಡಕಿವಿಯಿಂದ ಬಲಕಿವಿಯ ಕಡೆಗೆ ಲಂಬವಾಗಿ ಕುಯ್ದರೆ ಒಂದು ಭಾಗ ಮಾತ್ರ ಸಿಕ್ಕುವ ಅಪಾಯವಿದೆ. ಮಧ್ಯದಲ್ಲಿ ಮುಂದಿನಿಂದ ಹಿಂದಕ್ಕೆ ಸೀಳಿದರೆ ಎರಡೂ ಸಿಗುತ್ತವೆ, ಆದರೆ ಆಸಿಡೋಫಿಲ್‌ಗಳು ಹೆಚ್ಚಿರುವ ಅಕ್ಕಪಕ್ಕದ ರೆಕ್ಕೆಗಳು ತಪ್ಪಿಹೋಗುತ್ತವೆ. ನೆಲಕ್ಕೆ ಸಮಾನಾಂತರವಾಗಿ ಕುಯ್ದರೆ ಎಲ್ಲವೂ ಒಂದೇ ಸ್ಲೈಡಿನಲ್ಲಿ. ಅಂಗಾಂಶ ಕೆಡದಂತೆ ಇಡಲು ಗ್ರಂಥಿಯ ಗಾತ್ರದ ಹತ್ತು ಪಟ್ಟಾದರೂ 10% ಬಫರ್ಡ್ ಫಾರ್ಮಲಿನ್ ಬೇಕು. ಮರಣೋತ್ತರವಾಗಿ ತೆಗೆಯಲು ತಡವಾದಷ್ಟೂ ಜೀವಕೋಶಗಳು ಕರಗಿ ಗಡಿಗಳು ಅಳಿಸಿಹೋಗುತ್ತವೆ. ಸೆಕ್ಷನ್ 5 ಮೈಕ್ರಾನಿಗಿಂತ ದಪ್ಪವಾದರೆ ಜೀವಕೋಶಗಳು ಒಂದರ ಮೇಲೊಂದು ಬಿದ್ದು ಬಣ್ಣಗಳು ಕಲಸುತ್ತವೆ. ಗಡ್ಡೆಯ ಅನುಮಾನವಿದ್ದರೆ ರೆಟಿಕ್ಯುಲಿನ್ ಬಣ್ಣ ಮರೆಯಬಾರದು: ಸಹಜ ಗ್ರಂಥಿಯಲ್ಲಿ ಪ್ರತಿ ಗುಂಪನ್ನೂ ಸುತ್ತುವ ಕಪ್ಪು ಜಾಲ ಅಡಿನೋಮ ಎಂಬ ಗ್ರಂಥಿಗಡ್ಡೆಯಲ್ಲಿ ಹರಿದುಹೋಗಿರುತ್ತದೆ.

ಪಠ್ಯ ಮತ್ತು ಗೈಡುಗಳನ್ನು ಸಿದ್ಧಪಡಿಸುವವರು ಹಿಂಭಾಗದ ಸಾಲಿನಲ್ಲಿ 'ಉತ್ಪಾದಿಸುತ್ತದೆ' ತೆಗೆದು 'ಸಂಗ್ರಹಿಸಿ ಬಿಡುಗಡೆ ಮಾಡುತ್ತದೆ' ಎಂದು ಬರೆಯಲಿ, ಚಿತ್ರದಲ್ಲಿ ಹೈಪೋಥಲಾಮಸ್ಸಿನಿಂದ ಇಳಿಯುವ ನಾಲ್ಕು ಗೆರೆ ಎಳೆಯಲಿ.

ಇತಿ,
ಅಂಗಾಂಶ ವಿಜ್ಞಾನದ ಬೋಧಕರೊಬ್ಬರು, ಮೈಸೂರು