ಹಳೇ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕುವ ಮುಂಚೆ: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನಾನು ಒಂದು ತಾಲ್ಲೂಕು ಕೇಂದ್ರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಸುತ್ತಲಿನ ಸರ್ಕಾರಿ ಶಾಲೆಗಳ ಸಿಸ್ಟಮ್‌ಗಳು ನನ್ನ ಹತ್ತಿರ ಬರುತ್ತವೆ. ಹೆಡ್‌ಮಾಸ್ಟರುಗಳು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ತುಂಬಾ ಸ್ಲೋ ಆಗಿದೆ, ಒಂದ್ಸಲ ಫಾರ್ಮ್ಯಾಟ್ ಹೊಡೆದು ಕೊಡಪ್ಪ." ಫಾರ್ಮ್ಯಾಟ್ ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಮತ್ತೆ ಹೊಸದಾಗಿ ಹಾಕುವುದು. ಅದರ ಬಗ್ಗೆಯೇ ಈ ಪತ್ರ.

ವಿಂಡೋಸ್ 7ಕ್ಕೆ ಅಪ್‌ಡೇಟ್ ಬರುವುದು 2020ರ ಜನವರಿಯಲ್ಲೇ ನಿಂತಿತು. ವಿಂಡೋಸ್ 10ರ ಸರದಿ 2025ರ ಅಕ್ಟೋಬರ್ 14ಕ್ಕೆ ಬಂತು. ಸರಿ, ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ಜನರೇಷನ್ನಿನದ್ದಾದರೂ ಇರಬೇಕು. 2017ಕ್ಕಿಂತ ಹಿಂದೆ ಕೊಂಡ ಯಂತ್ರಗಳು ಅಲ್ಲಿಗೇ ಹೊರಬಿದ್ದವು. ದುಡ್ಡು ಕೊಟ್ಟರೆ ವಿಂಡೋಸ್ 10ಕ್ಕೆ ಇನ್ನೂ ಸ್ವಲ್ಪ ಕಾಲ ಅಪ್‌ಡೇಟ್ ಸಿಗುತ್ತದೆ. ಶಿಕ್ಷಣ ಸಂಸ್ಥೆಗಳಿಗೆ ಮೊದಲ ವರ್ಷ ಯಂತ್ರವೊಂದಕ್ಕೆ 1 ಡಾಲರ್, ಆಮೇಲೆ 2, ಆಮೇಲೆ 4. ಜಾಸ್ತಿ ಏನಲ್ಲ. ಆದರೆ ಅದು ಅಸಲಿ ಲೈಸೆನ್ಸ್ ಇರುವವರಿಗೆ ಮಾತ್ರ. ಶಾಲೆಗಳಲ್ಲಿ ನಾನು ನೋಡುವ ವಿಂಡೋಸ್ ಎಷ್ಟೋ ಸಲ ಆಕ್ಟಿವೇಟರ್ (ಲೈಸೆನ್ಸ್ ಇದೆ ಅಂತ ನಂಬಿಸುವ ಕಳ್ಳ ತಂತ್ರಾಂಶ) ಹಾಕಿ ಕೂರಿಸಿದ್ದು. ಇದು ಎಲ್ಲರಿಗೂ ಗೊತ್ತಿರುವ ಗುಟ್ಟು.

ವಿಂಡೋಸ್ 7 ಅನ್ನು ಹೊಸದಾಗಿ ಹಾಕುವುದು ಅಂದರೆ ಏನು ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ಡಿವಿಡಿಯಿಂದ ಒಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಕೂತುಬಿಡುತ್ತದೆ, ಅದು ಕಷ್ಟವಲ್ಲ. ಆದರೆ ಅಪ್‌ಡೇಟ್ ಒತ್ತಿದರೆ ಕೆಲಸ ಆಗುವುದಿಲ್ಲ. ಕಾರಣ ಇದೆ. 2019ರಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್‌ಗಳು ಅಸಲಿ ಅಂತ ತೋರಿಸುವ ಡಿಜಿಟಲ್ ಸಹಿ ಹಾಕುವ ವಿಧಾನವನ್ನೇ ಬದಲಿಸಿತು. ಹಳೇ ಡಿವಿಡಿಯ ವಿಂಡೋಸ್‌ಗೆ ಆ ಹೊಸ ಸಹಿ ಓದಲು ಬರುವುದಿಲ್ಲ. ಮೊದಲು ಬೇರೆ ಕಂಪ್ಯೂಟರ್‌ನಲ್ಲಿ ಎರಡು ಮೂರು ಫೈಲ್ ಇಳಿಸಿಕೊಂಡು, ಪೆನ್‌ಡ್ರೈವ್‌ನಲ್ಲಿ ತಂದು, ಕ್ರಮ ತಪ್ಪದೆ ಹಾಕಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕ್ರೋಮ್ ಬ್ರೌಸರ್ 109ನೇ ಆವೃತ್ತಿಯಿಂದ ಮುಂದೆ ಹೋಗುವುದಿಲ್ಲ. ಕಂಪ್ಯೂಟರ್‌ನ ಗಡಿಯಾರ ನಡೆಸುವ ಸಿಎಂಒಎಸ್ ಬ್ಯಾಟರಿ ಸತ್ತಿದ್ದರೆ ತಾರೀಖು ಹಿಂದಕ್ಕೆ ಹೋಗಿ ಯಾವ ವೆಬ್‌ಸೈಟೂ ತೆರೆಯುವುದಿಲ್ಲ. ನೆಟ್ ಹೋಗಿದೆ ಅಂತ ಮೇಷ್ಟ್ರು ಲೈನ್‌ಮನ್‌ಗೆ ಫೋನ್ ಮಾಡುತ್ತಾರೆ! ಅದು ಸಣ್ಣ ನಾಣ್ಯದಂಥ ಒಂದು ಸೆಲ್ಲಿನ ಕಥೆ.

ಅಪ್‌ಡೇಟ್ ಇಲ್ಲದಿದ್ದರೆ ಏನಂತೆ ಅನ್ನುವವರೂ ಇದ್ದಾರೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ವೈರಸ್ ಪ್ರಪಂಚದ ಎಷ್ಟೋ ಆಸ್ಪತ್ರೆ, ಕಚೇರಿಗಳ ಫೈಲ್‌ಗಳಿಗೆ ಬೀಗ ಜಡಿಯಿತು. ಅದನ್ನು ತಡೆಯುವ ಅಪ್‌ಡೇಟ್ ಆ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಮಕ್ಕಳ ಹೆಸರು, ಆಧಾರ್, ಅಂಕ ಎಲ್ಲ ಇರುವ ಯಂತ್ರಗಳು ನಮ್ಮ ಶಾಲೆಗಳಲ್ಲೂ ಇವೆ ಅಲ್ವಾ?

ಇದಕ್ಕೆಲ್ಲ ಹೊಸ ಕಂಪ್ಯೂಟರ್ ಕೊಳ್ಳುವುದೇ ಪರಿಹಾರ ಅಂತ ಕಡತ ಓಡಾಡುವುದು ಸಹಜ. ನನ್ನ ಅಭಿಪ್ರಾಯ ಬೇರೆ. ಈ ಯಂತ್ರಗಳಲ್ಲಿ ಹೆಚ್ಚಿನವು ಕೆಟ್ಟಿಲ್ಲ. ಹಳೇ ಹಾರ್ಡ್‌ಡಿಸ್ಕ್ ತೆಗೆದು ಅದರ ಬದಲು ಒಂದು ಸಣ್ಣ ಎಸ್‌ಎಸ್‌ಡಿ (ಚಿಪ್‌ನಿಂದ ಮಾಡಿದ ವೇಗದ ಡಿಸ್ಕ್) ಹಾಕಿ, ರ‍್ಯಾಮ್ 4 ಜಿಬಿಗೆ ಏರಿಸಿ, ವಿಂಡೋಸ್ ಬದಲು ಲಿನಕ್ಸ್ ಎಂಬ ಪುಕ್ಕಟೆ ಒಎಸ್‌ನ ಹಗುರವಾದ ರೂಪ ಕೂರಿಸಿದರೆ ಲ್ಯಾಬ್ ಪಾಠಕ್ಕೆ ಧಾರಾಳವಾಗಿ ಸಾಕು. ಕೇರಳ ಇದನ್ನು ಮಾಡಿಯೇ ತೋರಿಸಿದೆ. ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆ ಉಬುಂಟು ಎಂಬ ಲಿನಕ್ಸ್ ಆಧರಿಸಿ ಶಾಲೆಗಳಿಗೆಂದೇ ಒಂದು ಒಎಸ್ ಸಿದ್ಧಮಾಡಿ ಕೊಡುತ್ತದೆ. ಗಣಿತ ಕಲಿಸುವ ಜಿಯೋಜೀಬ್ರಾ, ಪತ್ರ-ಲೆಕ್ಕದ ಕೆಲಸಕ್ಕೆ ಲಿಬ್ರೆಆಫೀಸ್ ಎಲ್ಲ ಅದರೊಳಗೇ ಇರುತ್ತವೆ. ಹೊಸ ಆವೃತ್ತಿ ಬಂದರೆ ಎಲ್ಲ ಶಾಲೆಗಳಿಗೂ ಅದೇ. ನಮ್ಮಲ್ಲೂ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಪ್ರೌಢಶಾಲೆ ಶಿಕ್ಷಕರಿಗೆ ಉಬುಂಟು ಕಲಿಸಿದ್ದರು. ಕಲಿತವರು ಇದ್ದಾರೆ, ಅವರ ಕೈಗೆ ಕೊಡಲು ಹೊಸ ಒಎಸ್ ತುಂಬಿದ ಪೆನ್‌ಡ್ರೈವ್ ಇಲ್ಲ ಅಷ್ಟೇ.

ಎಲ್ಲವನ್ನೂ ಲಿನಕ್ಸ್ ಮಾಡಿ ಅಂತ ನಾನು ಹೇಳುತ್ತಿಲ್ಲ. ಡಿಜಿಟಲ್ ಸಹಿಯ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ಕೀಲಿ), ಕೆಲವು ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ಸುಮ್ನೆ ತಲೆ ತಿನ್ನುತ್ತವೆ. ಕಚೇರಿ ಕೆಲಸದ ಒಂದು ಸಿಸ್ಟಮ್ ಅಸಲಿ ಲೈಸೆನ್ಸಿನ ವಿಂಡೋಸ್‌ನಲ್ಲೇ ಇರಲಿ.

ಇನ್ನೊಂದು ವಿಷಯ ಕನ್ನಡದ್ದು. ಹಳೇ ಪ್ರಶ್ನೆಪತ್ರಿಕೆ, ವರ್ಗಾವಣೆ ಪತ್ರದ ನಮೂನೆ, ಸಭೆಯ ನಡಾವಳಿ ಎಲ್ಲ 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಆಗಿರುತ್ತವೆ. ಫಾರ್ಮ್ಯಾಟ್ ಆದ ಮೇಲೆ ಆ ಫಾಂಟ್ ಇಲ್ಲದಿದ್ದರೆ ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಹಾಗಾಗಿ ಮೊದಲು ಡಿ ಡ್ರೈವ್ ಒಂದೇ ಅಲ್ಲ, ಡೆಸ್ಕ್‌ಟಾಪ್ ಮೇಲಿರುವುದನ್ನೂ ಕಾಪಿ ಮಾಡಿಕೊಳ್ಳಬೇಕು. ಆಮೇಲೆ ಬೇಕಾದ ಕಡತಗಳನ್ನು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳಲ್ಲೂ ಓದಬಲ್ಲ ಅಕ್ಷರ ಸಂಕೇತಕ್ಕೆ) ಬದಲಿಸಿಕೊಳ್ಳಬೇಕು. ನುಡಿಯಲ್ಲಿ ಬಳಸುವ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ ಮೊದಲೇ ಇದೆ, ಟೈಪಿಂಗ್ ಹೊಸದಾಗಿ ಕಲಿಯಬೇಕಿಲ್ಲ.

ನಿಮ್ಮ ಇಲಾಖೆಯಿಂದ ನನಗೆ ಬೇಕಾದದ್ದು ಒಂದು ಸುತ್ತೋಲೆ. ಕನ್ನಡ ಫಾಂಟು, ಕೀಲಿಮಣೆ, ಪಾಠದ ತಂತ್ರಾಂಶ ಎಲ್ಲ ಸೇರಿಸಿ ಪರೀಕ್ಷೆ ಮಾಡಿದ ಒಂದೇ ಒಎಸ್ ಅನ್ನು ಇಲಾಖೆಯೇ ಸಿದ್ಧಮಾಡಿ ಪ್ರತಿ ಬಿಇಒ ಕಚೇರಿಗೆ ತಲುಪಿಸಲಿ. ಹಳೇ ಯಂತ್ರವನ್ನು ಹರಾಜಿಗೆ ಹಾಕುವ ಮುಂಚೆ ಎಸ್‌ಎಸ್‌ಡಿ ಹಾಕಿ ನೋಡಲೇಬೇಕು ಅಂತ ಅದರಲ್ಲಿ ಬರೆಯಿಸಿ. ಆ ಎಸ್‌ಎಸ್‌ಡಿ, ಬ್ಯಾಟರಿ, ಕೂಲಿಯ ಬಿಲ್ ಅನ್ನು ಯಾವ ಅನುದಾನದಲ್ಲಿ ತೋರಿಸಬೇಕು ಅನ್ನುವುದನ್ನೂ ಸ್ಪಷ್ಟವಾಗಿ ಹೇಳಿ. ಈಗ ಎಷ್ಟೋ ಹೆಡ್‌ಮಾಸ್ಟರುಗಳು ಜೇಬಿನಿಂದ ಕೊಡುತ್ತಿದ್ದಾರೆ, ಕೇಳಿದರೆ "ಬಿಡಪ್ಪ" ಅನ್ನುತ್ತಾರೆ. ಸುತ್ತೋಲೆ ಏಪ್ರಿಲ್ ಒಳಗೆ ಹೊರಟರೆ ಬೇಸಿಗೆ ರಜೆಯಲ್ಲಿ ಲ್ಯಾಬ್‌ಗಳು ಖಾಲಿ ಇರುವಾಗಲೇ ಕೆಲಸ ಮುಗಿಯುತ್ತದೆ.

ಇಂತಿ,
ತಾಲ್ಲೂಕು ಕೇಂದ್ರದ ಒಬ್ಬ ಕಂಪ್ಯೂಟರ್ ರಿಪೇರಿಯವ